ಚಹಾ ಹುಟ್ಟಿದ್ದು ದೊರೆಯ ಪಾತ್ರೆಯಲ್ಲೋ, ಗುಡ್ಡದವರ ಕಾಡಿನಲ್ಲೋ?

ಪ್ರಶ್ನೆ: ಚೀನಾದ ಶೆನ್ನೊಂಗ್ ಎಂಬ ದೊರೆ ನೀರು ಕಾಯಿಸುತ್ತಿದ್ದಾಗ ಗಾಳಿಗೆ ಎಲೆ ಬಿದ್ದು ಚಹಾ ಹುಟ್ಟಿತು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಬೌದ್ಧ ಭಿಕ್ಷು ಬೋಧಿಧರ್ಮ ಕಿತ್ತೆಸೆದ ಕಣ್ಣುರೆಪ್ಪೆಯಿಂದ ಚಹಾ ಗಿಡ ಹುಟ್ಟಿತು ಅನ್ನುವವರೂ ಇದ್ದಾರೆ. ಇದರಲ್ಲಿ ಯಾವುದನ್ನು ನಂಬಬಹುದು? ನಮ್ಮ ಬಾಬಾ ಬುಡನ್ ಅವರ ಏಳು ಬೀಜಗಳ ಕಥೆಯ ಹಾಗೆ ಚೀನಾದಲ್ಲಿ ಕಾಫಿಗೂ ಏನಾದರೂ ಕಥೆ ಇದೆಯಾ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ಶೆನ್ನೊಂಗ್ ಕಥೆ ಇತಿಹಾಸವಲ್ಲ. ಬೋಧಿಧರ್ಮನ ಕಥೆಯಂತೂ ಚಹಾ ಕುಡಿಯುವ ರೂಢಿಗಿಂತ ತುಂಬಾ ಈಚಿನದು. ಕಾಫಿಗೆ ಚೀನಾದಲ್ಲಿ ಪುರಾಣವಿಲ್ಲ, ಆದರೆ ಒಂದು ಹಳ್ಳಿಯ ಕಥೆ ಇದೆ. ಅದು ನಿಮ್ಮ ಬಾಬಾ ಬುಡನ್ ಕಥೆಗೆ ಅಚ್ಚರಿ ಆಗುವಷ್ಟು ಹತ್ತಿರ ಇದೆ.

ಇಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಿಲ್ಲ. ಚಹಾದ ಕಥೆಗಳನ್ನು ನಿಜ, ಸುಳ್ಳು ಎಂದು ಎರಡು ರಾಶಿ ಮಾಡಿ ಬಿಟ್ಟರೆ ಅವುಗಳಲ್ಲಿರುವ ಸತ್ವ ಕೈತಪ್ಪಿ ಹೋಗುತ್ತದೆ. ಪ್ರತಿ ಕಥೆಗೂ ಒಬ್ಬ ಒಡೆಯ ಇರುತ್ತಾನೆ. ಯಾರು ಹೇಳಿದರು, ಯಾವಾಗ ಹೇಳಿದರು, ಆಗ ಅವರ ಕೈಯಲ್ಲಿದ್ದ ಚಹಾ ಹೇಗಿತ್ತು ಎಂದು ಕೇಳಿದರೆ ಕಥೆ ತಾನೇ ಬಾಯಿ ಬಿಡುತ್ತದೆ.

ಶೆನ್ನೊಂಗ್‌ನಿಂದ ಶುರು ಮಾಡೋಣ. ಚೀನೀಯರಿಗೆ ಇವನು ಬೇಸಾಯದ ದೇವರು. ನೇಗಿಲು ಕೊಟ್ಟವನು, ಗಿಡಮೂಲಿಕೆಗಳ ಗುಣ ತಿಳಿಸಿಕೊಟ್ಟವನು. ಜನರು ಕಂಡಕಂಡ ಸೊಪ್ಪು ತಿಂದು ಸಾಯಬಾರದು ಎಂದು ತಾನೇ ನೂರಾರು ಗಿಡಗಳನ್ನು ಜಗಿದು ನೋಡಿದನಂತೆ. ಜನಪದದ ಒಂದು ಪಾಠದಲ್ಲಿ ಅವನ ಹೊಟ್ಟೆ ಸ್ಫಟಿಕದ್ದು. ತಿಂದದ್ದು ಒಳಗೆ ಏನು ಮಾಡುತ್ತದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಚಹಾ ಎಲೆ ತಿಂದಾಗ ಅದು ಹೊಟ್ಟೆಯಲ್ಲಿ ಮೇಲೆ ಕೆಳಗೆ ಓಡಾಡಿ ಎಲ್ಲವನ್ನೂ ತೊಳೆಯಿತಂತೆ. ಆಮೇಲೆ ವಿಷ ತಾಗಿದಾಗಲೆಲ್ಲ ಚಹಾ ತಿಂದೇ ಬದುಕಿಕೊಂಡ. ಕೊನೆಗೆ ಒಂದು ದಿನ ಕರುಳು ಕತ್ತರಿಸುವ ಹಳದಿ ಹೂವಿನ ಬಳ್ಳಿಯನ್ನು ತಿಂದ. ಚಹಾ ಎಲೆ ಬಾಯಿಗೆ ಹೋಗುವಷ್ಟರಲ್ಲಿ ಪ್ರಾಣ ಹೋಯಿತು.

ಈ ಪಾಠ ನನಗೆ ಬಲು ಇಷ್ಟ. ಗಾಳಿಗೆ ಎಲೆ ಬಿದ್ದ ಕಥೆಗಿಂತ ಇದರಲ್ಲಿ ಜೀವ ಜಾಸ್ತಿ ಇದೆ. ಇಲ್ಲಿ ಚಹಾ ಪಾನೀಯವಲ್ಲ, ಮದ್ದು. ಕುಡಿಯುವುದಲ್ಲ, ಜಗಿಯುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಶೆನ್ನೊಂಗ್ ಪಾತ್ರೆಗೆ ಎಲೆ ಬಿದ್ದದ್ದು ಎಂದು ಹೇಳುವ ಕ್ರಿ.ಪೂ. 2737 ಎಂಬ ವರ್ಷದ ವಿಚಾರ. ಚೀನಾದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹ ಎಂದರೆ ಎಲುಬು ಮತ್ತು ಆಮೆ ಚಿಪ್ಪಿನ ಮೇಲೆ ಕೊರೆದ ಶಕುನದ ಬರಹ. ಅದು ಸುಮಾರು ಕ್ರಿ.ಪೂ. 1200ರದ್ದು. ಹೀಗಿರುವಾಗ ಅದಕ್ಕೂ 1500 ವರ್ಷ ಹಿಂದೆ ಒಬ್ಬ ದೊರೆಯ ಪಾತ್ರೆಗೆ ಎಲೆ ಬಿದ್ದದ್ದನ್ನು ಬರೆದಿಟ್ಟವರು ಯಾರು? ಯಾರೂ ಇಲ್ಲ. ಪುರಾಣದ ದೊರೆಗಳಿಗೆಲ್ಲ ಆಳ್ವಿಕೆಯ ವರ್ಷ ಲೆಕ್ಕ ಹಾಕಿ ಕೂರಿಸಿದ್ದು ಬಹಳ ಕಾಲದ ನಂತರ.

ಇನ್ನೊಂದು ವಿಷಯ ಇನ್ನೂ ಸ್ವಾರಸ್ಯದ್ದು. ಕ್ರಿ.ಪೂ. 139ರ ಹೊತ್ತಿಗೆ ಸಿದ್ಧವಾದ ಹುವಾಯ್‌ನಾನ್‌ಜಿ ಎಂಬ ಗ್ರಂಥದಲ್ಲಿ ಶೆನ್ನೊಂಗ್ ಗಿಡಗಳ ರುಚಿ ನೋಡಿದ ಪ್ರಸಂಗ ಬರುತ್ತದೆ. ಒಂದೇ ದಿನ ಎಪ್ಪತ್ತು ಸಲ ವಿಷ ತಾಗಿತು ಎಂದೂ ಇದೆ. ಆದರೆ ಅಲ್ಲಿ ಚಹಾದ ಸುದ್ದಿಯೇ ಇಲ್ಲ. ದೊರೆ ಇದ್ದ, ವಿಷ ಇತ್ತು, ಮದ್ದಿನ ಜಾಗ ಖಾಲಿ ಇತ್ತು. ಆ ಖಾಲಿ ಜಾಗಕ್ಕೆ ಚಹಾ ಬಂದು ಕೂತದ್ದು ಆಮೇಲೆ. ಕ್ರಿ.ಶ. 8ನೇ ಶತಮಾನದಲ್ಲಿ ಲು ಯು ಎಂಬಾತ ತನ್ನ ಚಹಾ ಗ್ರಂಥದಲ್ಲಿ, ಚಹಾ ಕುಡಿಯುವುದು ಶೆನ್ನೊಂಗ್‌ನಿಂದ ಶುರುವಾಯಿತು ಎಂದು ಬರೆದ. ಆಮೇಲೆ ಅದೇ ಮಾತು ಓಡಾಡಿತು.

ಲು ಯುಗೆ ಹಾಗೆ ಬರೆಯುವ ಅಗತ್ಯ ಇತ್ತು. ಅವನ ಕಾಲದಲ್ಲಿ ಉತ್ತರ ಚೀನಾದ ದೊಡ್ಡ ಮನೆತನಗಳಿಗೆ ಚಹಾ ದಕ್ಷಿಣದಿಂದ ಬಂದ ಹೊಸ ಚಟ. ಅದಕ್ಕೆ ಗೌರವ ಸಿಗಬೇಕಾದರೆ ಮೂಲಪುರುಷ ಬೇಕು. ಬೇಸಾಯದ ದೇವರಿಗಿಂತ ದೊಡ್ಡ ಮೂಲಪುರುಷ ಯಾರು ಸಿಕ್ಕಾರು?

ಹಾಗಾದರೆ ಗಟ್ಟಿ ಸಾಕ್ಷಿ ಯಾವುದು? ಎರಡನ್ನು ಹೇಳುತ್ತೇನೆ.

ಮೊದಲನೆಯದು ಒಂದು ತಮಾಷೆಯ ಕರಾರು ಪತ್ರ. ಕ್ರಿ.ಪೂ. 59ರಲ್ಲಿ ಸಿಚುವಾನ್ ಸೀಮೆಯ ವಾಂಗ್ ಬಾವೊ ಎಂಬ ಕವಿ ಬರೆದದ್ದು. ಅವನು ಒಬ್ಬ ವಿಧವೆಯ ಮನೆಗೆ ಹೋಗಿರುತ್ತಾನೆ. ಹೆಂಡ ತಂದುಕೊಡು ಎಂದು ಆ ಮನೆಯ ಆಳಿಗೆ ಹೇಳುತ್ತಾನೆ. ಆಳು ಒಪ್ಪುವುದಿಲ್ಲ. ತನ್ನನ್ನು ಕೊಂಡಾಗ ಸಮಾಧಿ ಕಾಯುವ ಕೆಲಸ ಮಾತ್ರ ಹೇಳಿದ್ದರು, ಬೇರೆಯವರಿಗೆ ಹೆಂಡ ತರುವ ಮಾತು ಆಗಿರಲಿಲ್ಲ ಎನ್ನುತ್ತಾನೆ. ವಾಂಗ್ ಬಾವೊಗೆ ಸಿಟ್ಟು ಬಂತು. ಆಳನ್ನು ತಾನೇ ಕೊಂಡುಕೊಂಡ. ಅವನು ಮಾಡಬೇಕಾದ ಕೆಲಸಗಳನ್ನೆಲ್ಲ ಒಂದೂ ಬಿಡದೆ ಬರೆದ. ಗುಡಿಸು, ನೀರು ಸೇದು, ಬುಟ್ಟಿ ಹೆಣೆ, ಬಲೆ ಬೀಸು, ಹೀಗೆ ಪಟ್ಟಿ ಮುಗಿಯುವುದೇ ಇಲ್ಲ. ಅದರ ನಡುವೆ ಎರಡು ಕೆಲಸ ಇವೆ: ಚಹಾ ಕುದಿಸಿ ಪಾತ್ರೆ ಸಜ್ಜು ಮಾಡು, ವುಯಾಂಗ್ ಊರಿಗೆ ಹೋಗಿ ಚಹಾ ಕೊಂಡು ಬಾ. ಓದಿ ಮುಗಿಸುವಷ್ಟರಲ್ಲಿ ಆಳು ಅಳುತ್ತಿದ್ದನಂತೆ.

ಅಲ್ಲಿ ಬಳಸಿದ ಅಕ್ಷರ ಬೇರೆ ಕಹಿ ಸೊಪ್ಪಿಗೂ ಸಲ್ಲುತ್ತಿತ್ತು, ಆದ್ದರಿಂದ ವಿದ್ವಾಂಸರಲ್ಲಿ ಚರ್ಚೆ ಇದೆ. ನನ್ನ ಮಟ್ಟಿಗೆ ವುಯಾಂಗ್‌ನ ಮಾತೇ ತೀರ್ಮಾನ ಕೊಡುತ್ತದೆ. ಹಿತ್ತಲಲ್ಲೇ ಬೆಳೆಯುವ ಸೊಪ್ಪಿಗಾಗಿ ಯಾರೂ ಆಳನ್ನು ಬೇರೆ ಊರಿನ ಸಂತೆಗೆ ಅಟ್ಟುವುದಿಲ್ಲ. ಅಂದರೆ ಕ್ರಿಸ್ತಪೂರ್ವದಲ್ಲೇ ಸಿಚುವಾನ್‌ನಲ್ಲಿ ಚಹಾ ಮಾರಾಟದ ಸರಕು ಆಗಿತ್ತು. ದೊರೆಯ ಹೆಸರಿಲ್ಲದ, ದೇವರಿಲ್ಲದ ಈ ಪತ್ರವನ್ನು ನಾನು ಶೆನ್ನೊಂಗ್ ಕಥೆಗಿಂತ ಎತ್ತರದಲ್ಲಿ ಇಡುತ್ತೇನೆ.

ಎರಡನೆಯ ಸಾಕ್ಷಿ ಮಣ್ಣಿನಡಿ ಸಿಕ್ಕಿತು. ಹಾನ್ ವಂಶದ ಜಿಂಗ್ ದೊರೆ ಸತ್ತದ್ದು ಕ್ರಿ.ಪೂ. 141ರಲ್ಲಿ. ಷಿಯಾನ್ ನಗರದ ಹತ್ತಿರ ಇರುವ ಅವನ ಸಮಾಧಿಯ ಗುಂಡಿಗಳಲ್ಲಿ ಧಾನ್ಯಗಳ ಜೊತೆಗೆ ಸೊಪ್ಪಿನ ಗಂಟು ಇತ್ತು. ಅದರಲ್ಲಿ ಕೆಫೀನ್ ಮತ್ತು ಥಿಯಾನಿನ್ ಎರಡೂ ಇವೆ ಎಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಈ ಎರಡೂ ಒಟ್ಟಿಗೆ ಇದ್ದರೆ ಅದು ಚಹಾ ಎಂದು ಹೇಳಲು ಧೈರ್ಯ ಬರುತ್ತದೆ. ಎಳೆಯ ಕುಡಿಗಳನ್ನೇ ಆರಿಸಿ ಇಟ್ಟಿದ್ದರು. ದೊರೆಗೆ ಪರಲೋಕದಲ್ಲೂ ಬೇಕಾಗುವಷ್ಟು ಚಹಾ ಆಗಲೇ ಬೆಲೆಬಾಳುತ್ತಿತ್ತು.

ಈಗ ಬೋಧಿಧರ್ಮ. ಈ ಕಥೆ ನಮಗೆ ಹತ್ತಿರದ್ದು ಅನ್ನಿಸುವುದಕ್ಕೆ ಕಾರಣ ಇದೆ. ಅವನು ದಕ್ಷಿಣ ಭಾರತದವನು ಎಂದು ಚೀನಾದ ಹಳೆಯ ಜೀವನಚರಿತ್ರೆಯೊಂದು ಹೇಳುತ್ತದೆ. ಇನ್ನೂ ಹಳೆಯ ಒಂದು ಬರಹ ಅವನನ್ನು ಪರ್ಷಿಯಾದ ಕಡೆಯವನು ಎನ್ನುತ್ತದೆ. ಶಾವೊಲಿನ್ ಮಠದ ಬೆಟ್ಟದಲ್ಲಿ ಗೋಡೆಗೆ ಮುಖ ಮಾಡಿ ಒಂಬತ್ತು ವರ್ಷ ಧ್ಯಾನಕ್ಕೆ ಕೂತ. ಒಮ್ಮೆ ನಿದ್ದೆ ಬಂತು. ಎದ್ದವನೇ ಸಿಟ್ಟಿನಲ್ಲಿ ಕಣ್ಣುರೆಪ್ಪೆಗಳನ್ನು ಕಿತ್ತು ಎಸೆದ. ಬಿದ್ದಲ್ಲಿ ಚಹಾ ಗಿಡ ಹುಟ್ಟಿತು.

ಬೋಧಿಧರ್ಮನ ಕಾಲ 5ರಿಂದ 6ನೇ ಶತಮಾನ. ಆ ಅಳುವ ಆಳು ಚಹಾ ಕುದಿಸಿದ್ದು ಅದಕ್ಕಿಂತ ಸುಮಾರು ಐನೂರು ವರ್ಷ ಹಿಂದೆ. ಲೆಕ್ಕ ಅಲ್ಲಿಗೇ ಮುಗಿಯಿತು. ರೆಪ್ಪೆಯ ಕಥೆ ಬೆಳೆದದ್ದು ಜಪಾನಿನಲ್ಲಿ. ಅದನ್ನು ಯುರೋಪಿಗೆ ಮುಟ್ಟಿಸಿದವನು ಎಂಗೆಲ್‌ಬರ್ಟ್ ಕೆಂಪ್ಫರ್ ಎಂಬ ಜರ್ಮನ್ ವೈದ್ಯ. 1690ರಿಂದ 1692ರವರೆಗೆ ನಾಗಸಾಕಿಯಲ್ಲಿದ್ದ ಅವನು 1712ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನು ಸೇರಿಸಿದ.

ಆದರೆ ಸುಮ್ನೆ ಹುಟ್ಟಿದ ಕಥೆಯಲ್ಲ ಅದು. ಟ್ಯಾಂಗ್ ವಂಶದ ಕಾಲದ ಫೆಂಗ್ ಯಾನ್ ಎಂಬ ಅಧಿಕಾರಿ ತಾನು ಕಂಡು ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಅವನು ಹೇಳುವುದು ಹೀಗೆ. 713ರಿಂದ 741ರ ನಡುವಿನ ಕಾಲದಲ್ಲಿ ತಾಯ್ ಬೆಟ್ಟದ ಮಠವೊಂದರಲ್ಲಿ ಒಬ್ಬ ಗುರು ಧ್ಯಾನ ಹೇಳಿಕೊಡುತ್ತಿದ್ದ. ಶಿಷ್ಯರು ನಿದ್ದೆ ಮಾಡುವಂತಿಲ್ಲ, ರಾತ್ರಿ ಊಟವೂ ಇಲ್ಲ. ಚಹಾ ಮಾತ್ರ ಕುಡಿಯಬಹುದು. ಎಲ್ಲರೂ ಚಹಾ ಗಂಟು ಕಟ್ಟಿಕೊಂಡೇ ಓಡಾಡುತ್ತಿದ್ದರು, ಹೋದಲ್ಲೆಲ್ಲ ಕುದಿಸಿಕೊಳ್ಳುತ್ತಿದ್ದರು. ಅವರನ್ನು ನೋಡಿ ಜನರೂ ಕಲಿತರು. ದಕ್ಷಿಣದ ಪಾನೀಯ ಉತ್ತರದ ಬೀದಿ ಬೀದಿಗೆ ಬಂದದ್ದು ಹೀಗೆ ಎನ್ನುತ್ತಾನೆ ಫೆಂಗ್ ಯಾನ್. ನಿದ್ದೆ ಓಡಿಸಲು ಭಿಕ್ಷುಗಳು ಚಹಾ ಕುಡಿದರು, ಆ ಭಿಕ್ಷುಗಳ ಮೂಲಗುರು ಬೋಧಿಧರ್ಮ. ಈ ಎರಡನ್ನು ಹೊಲಿದರೆ ರೆಪ್ಪೆಯ ಕಥೆ ತಯಾರು.

ನನ್ನನ್ನು ಕೇಳಿದರೆ ಚಹಾ ಕಥೆಗಳಲ್ಲಿ ನಿಜವಾದ ನಾಯಕ ಲು ಯು. ಅವನು ಇತಿಹಾಸದಲ್ಲಿ ಬದುಕಿದ್ದ ಮನುಷ್ಯ. ಹುಟ್ಟಿದ್ದು 733ರಲ್ಲಿ, ಈಗಿನ ಹುಬೆ ಪ್ರಾಂತ್ಯದ ಟಿಯೆನ್‌ಮೆನ್‌ನಲ್ಲಿ. ಹೆತ್ತವರು ಬಿಟ್ಟುಹೋದ ಕೂಸನ್ನು ಝಿಜಿ ಎಂಬ ಬೌದ್ಧ ಗುರು ಎತ್ತಿಕೊಂಡು ಸಾಕಿದ. ಹುಡುಗ ಬೌದ್ಧ ಪಾಠ ಒಲ್ಲೆ, ಕನ್‌ಫ್ಯೂಷಿಯಸ್‌ನ ಪಾಠ ಬೇಕು ಎಂದು ಹಟ ಹಿಡಿದ. ಶಿಕ್ಷೆಯಾಗಿ ದನ ಕಾಯಲು ಕಳಿಸಿದರು. ಬರೆಯಲು ಕಾಗದ ಇಲ್ಲ. ಬಿದಿರು ಕಡ್ಡಿಯಿಂದ ದನದ ಬೆನ್ನ ಮೇಲೆ ಅಕ್ಷರ ತಿದ್ದಿದೆ ಎಂದು ಅವನೇ ಬರೆದುಕೊಂಡಿದ್ದಾನೆ. ಕೊನೆಗೆ ಓಡಿಹೋಗಿ ನಾಟಕದ ಮೇಳ ಸೇರಿ ಕೋಡಂಗಿ ವೇಷ ಹಾಕಿದ. ಆನ್ ಲುಶಾನ್ ಎಂಬ ಸೇನಾಪತಿ ದಂಗೆ ಎದ್ದಾಗ ದಕ್ಷಿಣಕ್ಕೆ ಬಂದು ಹುಝೌ ಸೀಮೆಯಲ್ಲಿ ನೆಲೆಸಿದ. ಅಲ್ಲಿ ಬರೆದದ್ದೇ ಆ ಚಹಾ ಗ್ರಂಥ. ಮೂರು ಭಾಗ, ಹತ್ತು ಅಧ್ಯಾಯ. ತೀರಿಕೊಂಡದ್ದು 804ರಲ್ಲಿ.

ಆಗಿನ ಚಹಾ ನಾವು ನೋಡುವ ಚಹಾ ಅಲ್ಲ. ಎಲೆಯನ್ನು ಆವಿಯಲ್ಲಿ ಬೇಯಿಸಿ, ಕುಟ್ಟಿ, ಅಚ್ಚಿಗೆ ಹಾಕಿ ಬಿಲ್ಲೆ ಮಾಡುತ್ತಿದ್ದರು. ಕುಡಿಯುವಾಗ ಬಿಲ್ಲೆಯನ್ನು ಕೆಂಡದ ಮೇಲೆ ಕಾಯಿಸಿ, ಪುಡಿ ಮಾಡಿ, ಚಿಟಿಕೆ ಉಪ್ಪು ಹಾಕಿದ ನೀರಿನಲ್ಲಿ ಕುದಿಸುತ್ತಿದ್ದರು. ಜನರು ಶುಂಠಿ, ಈರುಳ್ಳಿ ಸೊಪ್ಪು, ಕಿತ್ತಳೆ ಸಿಪ್ಪೆ, ಪುದೀನ ಎಲ್ಲವನ್ನೂ ಸೇರಿಸುತ್ತಿದ್ದರು. ಲು ಯುಗೆ ಅದು ಸೇರುತ್ತಿರಲಿಲ್ಲ. ಅಂಥ ಚಹಾ ಚರಂಡಿ ನೀರಿಗೆ ಸಮ ಎಂದು ಬರೆದ. ಶುಂಠಿ ಚಹಾ ಪ್ರಿಯರಿಗೆ ಈ ಮಾತು ನೋವು ತರಬಹುದು, ಆದರೆ ಎಲೆಯ ರುಚಿಗೆ ಅಷ್ಟು ನಿಷ್ಠೆ ಇದ್ದದ್ದರಿಂದಲೇ ಅವನ ಮಾತು ಸಾವಿರ ವರ್ಷ ನಿಂತಿತು.

ಅವನ ಸುತ್ತ ಆಮೇಲೆ ಕಥೆಗಳು ಹುಟ್ಟಿಕೊಂಡವು. ಒಂದು ಕಥೆ ಸಾಕು ತಂದೆ ಝಿಜಿಯದು. ಹುಡುಗ ಮನೆ ಬಿಟ್ಟ ಮೇಲೆ ಗುರು ಬೇರೆಯವರು ಮಾಡಿದ ಚಹಾ ಮುಟ್ಟುವುದನ್ನೇ ಬಿಟ್ಟನಂತೆ. ದೊರೆ ಪರೀಕ್ಷೆ ಮಾಡಲು ಅರಮನೆಗೆ ಕರೆಸಿ, ಅಲ್ಲಿನ ನಿಪುಣರಿಂದ ಚಹಾ ಮಾಡಿಸಿದ. ಗುರು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. ಮರುದಿನ ದೊರೆ ಗುಟ್ಟಾಗಿ ಲು ಯುವನ್ನು ಕರೆಸಿ ಮಾಡಿಸಿದ. ಗುರು ಬಟ್ಟಲು ಬರಿದು ಮಾಡಿ, ನಮ್ಮ ಹುಡುಗನೇ ಮಾಡಿದಂತಿದೆ ಎಂದ.

ಇನ್ನೊಂದು ನೀರಿನ ಕಥೆ. ಒಬ್ಬ ಅಧಿಕಾರಿ ಯಾಂಗ್‌ಝೌನಲ್ಲಿ ಲು ಯುಗೆ ಸಿಕ್ಕ. ಯಾಂಗ್‌ಟ್ಸಿ ನದಿಯ ನಡುವೆ ನಾನ್‌ಲಿಂಗ್ ಎಂಬಲ್ಲಿ ಚಹಾಕ್ಕೆ ಶ್ರೇಷ್ಠವಾದ ನೀರು ಇತ್ತು. ಅದನ್ನು ತರಲು ಸೈನಿಕನನ್ನು ದೋಣಿಯಲ್ಲಿ ಕಳಿಸಿದರು. ಕೊಡ ಬಂತು. ಲು ಯು ಸೌಟಿನಲ್ಲಿ ಎತ್ತಿ ನೋಡಿ, ನದಿಯ ನೀರು ಹೌದು, ನಾನ್‌ಲಿಂಗ್‌ನದಲ್ಲ, ದಡದ್ದು ಎಂದ. ಸೈನಿಕ ಒಪ್ಪಲಿಲ್ಲ. ನೂರು ಜನ ನೋಡಿದ್ದಾರೆ ಎಂದ. ಲು ಯು ಮಾತಾಡದೆ ನೀರನ್ನು ಚೆಲ್ಲುತ್ತಾ ಹೋದ. ಅರ್ಧ ಆದಾಗ ನಿಲ್ಲಿಸಿ ಮತ್ತೆ ಎತ್ತಿ ನೋಡಿ, ಇಲ್ಲಿಂದ ಕೆಳಗೆ ನಾನ್‌ಲಿಂಗ್ ಎಂದ. ಸೈನಿಕ ಬೆವತು ನಿಜ ಹೇಳಿದ. ದಡ ಮುಟ್ಟುವಾಗ ದೋಣಿ ಅಲುಗಾಡಿ ಅರ್ಧ ನೀರು ಚೆಲ್ಲಿಹೋಗಿತ್ತು, ಹೆದರಿ ದಡದ ನೀರು ತುಂಬಿಸಿದ್ದ. ಒಂದೇ ಕೊಡದಲ್ಲಿ ಎರಡು ನೀರು ಬೆರೆಯದೆ ಇರುವುದು ಸಾಧ್ಯವಿಲ್ಲ, ನಿಜ. ಆದರೆ ನೀರು ಬದಲಾದರೆ ಚಹಾ ಬದಲಾಗುತ್ತದೆ ಎಂಬ ಅನುಭವ ಸಂಪೂರ್ಣ ನಿಜ. ಬೆಟ್ಟದ ನೀರು ಮೇಲು, ಹೊಳೆ ನೀರು ಮಧ್ಯಮ, ಬಾವಿ ನೀರು ಕೀಳು ಎಂದು ಅವನ ಗ್ರಂಥದಲ್ಲೇ ಇದೆ. ಬಾವಿಯ ಗಡಸು ನೀರಿನಲ್ಲಿ ಚಹಾ ಮಾಡಿ ಮೇಲೆ ತೇಲುವ ಪೊರೆ ನೋಡಿದವರಿಗೆ ಇದರ ಅರ್ಥ ಆಗುತ್ತದೆ.

ಲು ಯು ಸತ್ತ ಮೇಲೆ ದೇವರಾದ. ಕುಂಬಾರರು ಅವನ ಪುಟ್ಟ ಗೊಂಬೆ ಮಾಡಿದರು. ಹತ್ತಾರು ಚಹಾ ಪಾತ್ರೆ ಕೊಂಡವರಿಗೆ ಒಂದು ಗೊಂಬೆ ಪುಕ್ಕಟೆ. ಚಹಾ ಮಾರುವವರು ಅದನ್ನು ಒಲೆಯ ಪಕ್ಕ ಇಟ್ಟು ಪೂಜಿಸುತ್ತಿದ್ದರು. ವ್ಯಾಪಾರ ಕುಸಿದರೆ ಅದರ ತಲೆ ಮೇಲೆ ನೀರು ಸುರಿಯುತ್ತಿದ್ದರು! ಇದು ಕಟ್ಟುಕಥೆಯಲ್ಲ, 9ನೇ ಶತಮಾನದ ಬರಹದಲ್ಲಿ ದಾಖಲಾಗಿದೆ.

ಮುಂದಿನ ಕಾಲದಲ್ಲಿ ಕಥೆಗಳ ಬಣ್ಣವೇ ಬದಲಾಗುತ್ತದೆ. ಅದಕ್ಕೊಂದು ಕಾರಣ ಇದೆ ಎಂದು ನನ್ನ ಅಭಿಪ್ರಾಯ. ಸೊಂಗ್ ವಂಶದ ಕಾಲದಲ್ಲೂ ಬಿಲ್ಲೆ ಚಹಾವೇ. ಅದನ್ನು ನುಣ್ಣಗೆ ಬೀಸಿ, ಬಟ್ಟಲಲ್ಲೇ ಬಿದಿರಿನ ಪುಟ್ಟ ಕಡೆಗೋಲಿನಿಂದ ನೊರೆ ಬರಿಸುತ್ತಿದ್ದರು. ಹುಯ್‌ಝೊಂಗ್ ದೊರೆ 1107ರ ಹೊತ್ತಿಗೆ ಚಹಾದ ಮೇಲೆ ತಾನೇ ಒಂದು ಗ್ರಂಥ ಬರೆದ. ಆಮೇಲೆ ಮಿಂಗ್ ವಂಶ ಬಂತು. ಅದರ ಮೊದಲ ದೊರೆ ಝು ಯುವಾನ್‌ಝಾಂಗ್ ಬಡ ರೈತನ ಮಗ. ಬಿಲ್ಲೆ ಮಾಡುವುದು ಜನರಿಗೆ ಭಾರಿ ದುಡಿಮೆ ಎಂದು 1391ರಲ್ಲಿ ಅರಮನೆಗೆ ಬಿಲ್ಲೆ ಕಾಣಿಕೆ ಕೊಡುವುದನ್ನು ನಿಲ್ಲಿಸಿದ, ಬಿಡಿ ಎಲೆ ಸಾಕು ಎಂದ. ಅಲ್ಲಿಂದ ಎಲೆಯ ಆಕಾರ ಕಣ್ಣಿಗೆ ಕಾಣತೊಡಗಿತು. ಬಿಲ್ಲೆಯ ಕಾಲದ ಕಥೆಗಳು ನೀರು ಮತ್ತು ಕೈಗುಣದ ಬಗ್ಗೆ. ಬಿಡಿ ಎಲೆಯ ಕಾಲದ ಕಥೆಗಳು ಎಲೆಯ ಆಕಾರ, ಪರಿಮಳ, ಇಂಥದೇ ಗಿಡ ಎಂಬುದರ ಬಗ್ಗೆ.

ಹಾಂಗ್‌ಝೌನ ಲೊಂಗ್‌ಜಿಂಗ್ ಚಹಾ ನೋಡಿ. ಎಲೆ ಚಪ್ಪಟೆ. ಏಕೆ? ಚಿಯೆನ್‌ಲೊಂಗ್ ದೊರೆ ಅಲ್ಲಿ ಚಿಗುರು ಕೀಳುತ್ತಿದ್ದಾಗ ತಾಯಿಗೆ ಹುಷಾರಿಲ್ಲ ಎಂಬ ಸುದ್ದಿ ಬಂತು, ಚಿಗುರನ್ನು ತೋಳಿನ ಚೀಲಕ್ಕೆ ತುರುಕಿಕೊಂಡು ಹೊರಟ, ಅದು ಒತ್ತಿ ಚಪ್ಪಟೆಯಾಯಿತು ಎನ್ನುತ್ತದೆ ಕಥೆ. ನಿಜವಾಗಿ ಚಪ್ಪಟೆಯಾಗುವುದು ಬಿಸಿ ಬಾಣಲೆಯಲ್ಲಿ. ಹುರಿಯುವವರು ಬರಿಗೈಯಲ್ಲಿ ಎಲೆಯನ್ನು ಬಾಣಲೆಗೆ ಒತ್ತಿ ಒತ್ತಿ ಒಣಗಿಸುತ್ತಾರೆ. ಆ ಬಿಸಿಗೆ ಎಲೆ ಕಪ್ಪಾಗುವುದು ನಿಂತು ಹಸಿರಾಗಿ ಉಳಿಯುತ್ತದೆ. ದಿನವಿಡೀ ಬಿಸಿ ತಿನ್ನುವ ಆ ಕೈಗಳ ಹೆಸರು ಯಾವ ಕಥೆಯಲ್ಲೂ ಇಲ್ಲ, ಇದು ನನಗೆ ಬೇಸರದ ವಿಷಯ.

ಸುಝೌ ಹತ್ತಿರದ ತಾಯ್ ಸರೋವರದ ಬೆಟ್ಟಗಳಲ್ಲಿ ಬೆಳೆಯುವ ಬಿಲುವೊಚುನ್ ಕಥೆಯಲ್ಲಿ ದುಡಿಯುವವರು ಕಾಣುತ್ತಾರೆ. ಬುಟ್ಟಿ ತುಂಬಿ ಜಾಗ ಸಾಲದೆ ಕೆಲವರು ಚಿಗುರನ್ನು ಎದೆಯ ಬಳಿ ಬಟ್ಟೆಯೊಳಗೆ ಇಟ್ಟುಕೊಂಡರು. ಮೈ ಬಿಸಿಗೆ ಪರಿಮಳ ಎದ್ದಿತು. ಊರಿನವರು ಅದಕ್ಕೆ ಪ್ರಾಣ ಹೋಗುವಷ್ಟು ಪರಿಮಳ ಎಂಬ ಅರ್ಥದ ಒರಟು ಹೆಸರಿಟ್ಟರು. 1699ರಲ್ಲಿ ಆ ಕಡೆ ಬಂದ ಕಾಂಗ್‌ಷಿ ದೊರೆಗೆ ಹೆಸರು ಹಿಡಿಸಲಿಲ್ಲ, ಈಗಿನ ನಾಜೂಕು ಹೆಸರು ಕೊಟ್ಟ. ಕೊಯ್ದ ಚಿಗುರು ಬಾಡುವಾಗ ಪರಿಮಳ ಬಿಡುತ್ತದೆ ಎಂಬ ಸತ್ಯ ಈ ಕಥೆಯೊಳಗೆ ಕೂತಿದೆ.

ಫುಜಿಯೆನ್ ಪ್ರಾಂತ್ಯದ ಚಹಾ ಟಿಯೆಗುವಾನ್‌ಯಿನ್‌ಗೆ ಒಂದೇ ಊರಿನಲ್ಲಿ ಎರಡು ಕಥೆ. ಆನ್‌ಷಿ ತಾಲೂಕಿನ ಷಿಪಿಂಗ್‌ನಲ್ಲಿ ವೆಯ್ ಮನೆತನದವರು ಹೇಳುವುದು ಹೀಗೆ: ದಿನಾ ಬೆಳಿಗ್ಗೆ ಗುವಾನ್‌ಯಿನ್ ದೇವಿಗೆ ಚಹಾ ಎಡೆ ಇಡುತ್ತಿದ್ದ ರೈತನಿಗೆ ಕನಸಿನಲ್ಲಿ ಗಿಡ ಕಂಡಿತು, ಬಂಡೆ ಸಂದಿಯಲ್ಲಿ ಅದು ಸಿಕ್ಕಿತು. ವಾಂಗ್ ಮನೆತನದವರು ಹೇಳುವುದು ಬೇರೆ: ತಮ್ಮ ವಿದ್ವಾಂಸನೊಬ್ಬ ಗಿಡ ಕಂಡು ಬೆಳೆಸಿದ, ಅದು ಬೀಜಿಂಗ್‌ಗೆ ಹೋಗಿ ಚಿಯೆನ್‌ಲೊಂಗ್ ದೊರೆಯೇ ಹೆಸರಿಟ್ಟ. ಒಂದು ಕಥೆಗೆ ದೇವಿಯ ಬೆಂಬಲ, ಇನ್ನೊಂದಕ್ಕೆ ದೊರೆಯದು. ಕಥೆಗೆ ಒಡೆಯರಿರುತ್ತಾರೆ ಎಂದು ಮೊದಲೇ ಹೇಳಿದೆನಲ್ಲ, ಇಲ್ಲಿ ಒಡೆಯರ ಮನೆ ವಿಳಾಸವೇ ಸಿಗುತ್ತದೆ.

ವುಯಿ ಬೆಟ್ಟದ ದಾ ಹೊಂಗ್ ಪಾವ್ ಚಹಾದ ಬಗ್ಗೆ ಒಂದು ಎಚ್ಚರಿಕೆಯೂ ಸೇರಿಸುತ್ತೇನೆ. ಪರೀಕ್ಷೆ ಬರೆಯಲು ರಾಜಧಾನಿಗೆ ಹೊರಟ ವಿದ್ಯಾರ್ಥಿ ದಾರಿಯಲ್ಲಿ ಕಾಯಿಲೆ ಬಿದ್ದ, ಭಿಕ್ಷುಗಳು ಚಹಾ ಕೊಟ್ಟು ಗುಣಪಡಿಸಿದರು, ಪರೀಕ್ಷೆಯಲ್ಲಿ ಗೆದ್ದ ಅವನು ಮರಳಿ ಬಂದು ತನ್ನ ಕೆಂಪು ನಿಲುವಂಗಿಯನ್ನು ಗಿಡಕ್ಕೆ ಹೊದಿಸಿದ. ಆ ತಾಯಿ ಗಿಡಗಳು ಎಂದು ತೋರಿಸುವ ಆರು ಗಿಡಗಳು ಬಂಡೆಯ ಮೇಲೆ ಈಗಲೂ ಇವೆ. ಕೊನೆಯ ಕೊಯ್ಲು ಆದದ್ದು 2005ರಲ್ಲಿ. ಅದರ 20 ಗ್ರಾಂ ಚಹಾವನ್ನು 2007ರಲ್ಲಿ ಚೀನಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಹಾಗಾಗಿ ತಾಯಿ ಗಿಡದ್ದು ಎಂದು ಯಾರಾದರೂ ನಿಮಗೆ ಡಬ್ಬಿ ಮಾರಲು ಬಂದರೆ ದುಡ್ಡು ಕೊಡಬೇಡಿ. ಅಂಗಡಿಯಲ್ಲಿ ಸಿಗುವುದು ಆ ಗಿಡಗಳ ಕಡ್ಡಿ ನೆಟ್ಟು ಬೆಳೆಸಿದ ಸಂತತಿಯದು, ಇಲ್ಲವೇ ವುಯಿ ಬೆಟ್ಟದ ಬೇರೆ ಬೇರೆ ಗಿಡಗಳ ಮಿಶ್ರಣ. ಅದು ಕೆಟ್ಟದ್ದಲ್ಲ, ಒಳ್ಳೆಯ ಚಹಾವೇ.

ಅದೇ ಬೆಟ್ಟಗಳ ಟೊಂಗ್‌ಮು ಹಳ್ಳಿಯಲ್ಲಿ ಕರಿ ಚಹಾದ ಕಥೆ ಹೇಳುತ್ತಾರೆ. ಸೈನ್ಯವೊಂದು ಬಂದು ಚಹಾ ಮನೆಯಲ್ಲಿ ತಂಗಿತು. ಕೊಯ್ದ ಎಲೆಗಳ ಕೆಲಸ ನಿಂತು ಅವು ಕಂದಿ ಹೋದವು. ನಷ್ಟ ತಪ್ಪಿಸಲು ಪೈನ್ ಸೌದೆಯ ಬೆಂಕಿಯಲ್ಲಿ ಬೇಗ ಬೇಗ ಒಣಗಿಸಿದರು. ಹೊಗೆ ವಾಸನೆಯ ಆ ಕಪ್ಪು ಎಲೆ ವಿದೇಶಿಯರಿಗೆ ಹಿಡಿಸಿತು. ಎಲೆ ಬಾಡಿ ಗಾಳಿಗೆ ಕಪ್ಪಾದರೆ ಅದೇ ಕರಿ ಚಹಾ. ನಾವು ದಿನಾ ಹಾಲು ಹಾಕಿ ಕುಡಿಯುವ ಜಾತಿ ಅದೇ.

ಇಲ್ಲಿಯವರೆಗೆ ದೊರೆ, ಭಿಕ್ಷು, ವಿದ್ವಾಂಸ. ಇವರೆಲ್ಲ ಚಹಾ ಕುಡಿದವರು, ಮಾರಿದವರು, ಹೆಸರಿಟ್ಟವರು. ಗಿಡದ ತವರು ಇರುವುದು ನೈಋತ್ಯದಲ್ಲಿ, ಯುನ್ನಾನ್ ಪ್ರಾಂತ್ಯ ಮತ್ತು ಅದರ ಸುತ್ತಿನ ಬೆಟ್ಟಗಳಲ್ಲಿ. ಅಲ್ಲಿನ ಗುಡ್ಡದ ಜನರ ಕಥೆಗಳು ಚೀನಾದ ಹೊರಗೆ ಹೆಚ್ಚು ಓಡಾಡಿಲ್ಲ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ ಎಂದು ನಾನು ನಂಬುತ್ತೇನೆ.

ದೆಆಂಗ್ ಜನರ ಸೃಷ್ಟಿ ಹಾಡಿನಲ್ಲಿ ಮನುಷ್ಯ ಚಹಾ ಕಂಡುಹಿಡಿಯುವುದೇ ಇಲ್ಲ. ಚಹಾವೇ ಮನುಷ್ಯ ಆಗುತ್ತದೆ. ಭೂಮಿ ಬರಡಾಗಿತ್ತು. ಸ್ವರ್ಗದ ಚಹಾ ಮರ ತಾನು ಕೆಳಗೆ ಹೋಗುತ್ತೇನೆ ಎಂದಿತು. ಬಿರುಗಾಳಿ ಬೀಸಿ 102 ಎಲೆ ಉದುರಿದವು. 51 ಎಲೆ ಗಂಡಾದವು, 51 ಹೆಣ್ಣಾದವು. ಕೊನೆಯಲ್ಲಿ ಎಲ್ಲರೂ ಮೇಲಕ್ಕೆ ಮರಳಿ, ಒಂದು ಕಿರಿಯ ಜೋಡಿ ಮಾತ್ರ ನೆಲದಲ್ಲಿ ಉಳಿಯಿತು. ಅವರೇ ಎಲ್ಲರ ಮೂಲ. ಎಲೆಯನ್ನು ಪಾತ್ರೆಗೆ ಬೀಳಿಸುವ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ, ಯಾರಿಗೆ ಗಿಡ ಹತ್ತಿರ ಎಂದು ತಿಳಿಯುತ್ತದೆ.

ಜಿಂಗ್‌ಮಾಯ್ ಬೆಟ್ಟದ ಬುಲಾಂಗ್ ಜನರಿಗೆ ಪಾ ಐಲೆಂಗ್ ಎಂಬ ಮೂಲಪುರುಷ ಇದ್ದಾನೆ. ಸಾಯುವಾಗ ಅವನು ಮಕ್ಕಳಿಗೆ ಹೇಳಿದ್ದು ಹೀಗಂತೆ: ದನಕರು ಬಿಟ್ಟು ಹೋದರೆ ರೋಗ ಬಂದು ಸಾಯುತ್ತವೆ, ಬೆಳ್ಳಿ ಬಂಗಾರ ಬಿಟ್ಟು ಹೋದರೆ ಖರ್ಚಾಗುತ್ತದೆ, ಚಹಾ ಮರ ಬಿಟ್ಟು ಹೋಗುತ್ತೇನೆ, ಅದು ಮುಗಿಯುವುದಿಲ್ಲ. ಅಲ್ಲಿನವರು ಇಂದಿಗೂ ಅವನಿಗೆ ಪೂಜೆ ಸಲ್ಲಿಸುತ್ತಾರೆ. ದೊಡ್ಡ ಮರಗಳ ನೆರಳಲ್ಲಿ ಚಹಾ ಬೆಳೆಸುವ ಅವರ ಹಳೆಯ ಕಾಡುಗಳನ್ನು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೆರಳಿನ ಮರಗಳ ಕೆಳಗೆ ತೋಟ ಮಾಡುವ ಚಿಕ್ಕಮಗಳೂರಿನವರಾದ ನಿಮಗೆ ಆ ಕಾಡಿನ ಚಿತ್ರ ನೋಡಿದರೆ ಹೊಸದು ಅನ್ನಿಸುವುದಿಲ್ಲ.

ಜಿನೊ ಜನರು ಝುಗೆ ಲಿಯಾಂಗ್‌ನ ಹೆಸರು ಹೇಳುತ್ತಾರೆ. 225ರಲ್ಲಿ ದಕ್ಷಿಣಕ್ಕೆ ದಂಡೆತ್ತಿ ಬಂದ ಮಂತ್ರಿ ಅವನು. ಸೈನಿಕರಿಗೆ ಕಣ್ಣು ಬೇನೆ ಬಂದಾಗ ಊರುಗೋಲನ್ನು ನೆಲಕ್ಕೆ ನೆಟ್ಟ, ಅದು ಚಹಾ ಮರವಾಯಿತು ಎಂಬ ಕಥೆ ಆ ಬೆಟ್ಟಗಳಲ್ಲಿ ಇದೆ. ಅವನು ಅಷ್ಟು ದಕ್ಷಿಣಕ್ಕೆ ಬಂದದ್ದು ಅನುಮಾನ. ನನಗೆ ಮುಖ್ಯ ಅನ್ನಿಸುವುದು ಜಿನೊ ಜನರ ಅಡುಗೆ. ಅವರು ಹಸಿ ಚಹಾ ಎಲೆಗೆ ಉಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ, ನೀರು ಬೆರೆಸಿ ಊಟದ ಜೊತೆ ತಿನ್ನುತ್ತಾರೆ. ಬುಲಾಂಗ್ ಮತ್ತು ದೆಆಂಗ್ ಜನರು ಎಲೆಯನ್ನು ಬೇಯಿಸಿ, ಹೂತಿಟ್ಟು, ಹುಳಿ ಬರಿಸಿ ತಿನ್ನುತ್ತಾರೆ. ಬರ್ಮಾದಲ್ಲೂ ಹುಳಿ ಚಹಾ ಎಲೆ ಊಟದ ಪದಾರ್ಥ. ಚಹಾ ಮೊದಲು ತಿನ್ನುವ ಸೊಪ್ಪಾಗಿತ್ತು, ಮದ್ದಾಗಿತ್ತು, ಆಮೇಲೆ ಕುಡಿಯುವಂಥದ್ದಾಯಿತು ಎಂದು ನಾನು ಹೇಳುವುದು ಇದನ್ನು ನೋಡಿಯೇ. ಸ್ಫಟಿಕದ ಹೊಟ್ಟೆಯ ಶೆನ್ನೊಂಗ್ ಎಲೆ ಜಗಿದದ್ದನ್ನು ನೆನಪಿಸಿಕೊಳ್ಳಿ. ಅವನ ಹೆಸರು ಪುರಾಣದ್ದು, ಆ ಜಗಿಯುವಿಕೆ ಮಾತ್ರ ಗುಡ್ಡದವರದ್ದು.

ಈಗ ಕಾಫಿ. ಕಾಫಿಯ ತವರು ಇಥಿಯೋಪಿಯಾ, ಅದನ್ನು ಕುಡಿಯುವ ರೂಢಿ ಬೆಳೆದದ್ದು ಯೆಮನ್‌ನಲ್ಲಿ. ಕಾಫಿ ಹಣ್ಣು ತಿಂದು ಆಡು ಕುಣಿದ ಕಥೆ ಕೂಡ ಅಷ್ಟೇನೂ ಹಳೆಯದಲ್ಲ, ಅದು ಅಚ್ಚಾಗಿ ಸಿಗುವುದು 1671ರ ಒಂದು ಲ್ಯಾಟಿನ್ ಪುಸ್ತಕದಲ್ಲಿ. ಚೀನಾಕ್ಕೆ ಕಾಫಿ ಬಂದದ್ದು ಬಂದರು ಊರುಗಳ ವಿದೇಶಿಯರ ಜೊತೆ, 19ನೇ ಶತಮಾನದಲ್ಲಿ. ಶಾಂಘೈಯಲ್ಲಿ ಮೊದಮೊದಲು ಅದನ್ನು ಔಷಧದ ಅಂಗಡಿಯಲ್ಲಿ ಮಾರುತ್ತಿದ್ದರು, ಜನರು ಕೆಮ್ಮಿನ ಔಷಧ ಎಂದೇ ಕರೆದರು ಎಂದು ಅಲ್ಲಿನವರು ಹೇಳುತ್ತಾರೆ.

ಬೆಳೆಯ ಕಥೆ ಯುನ್ನಾನ್‌ನದು. ಬಿನ್‌ಚುವಾನ್ ತಾಲೂಕಿನ ಬೆಟ್ಟಗಳ ನಡುವೆ ಝುಕುಲಾ ಎಂಬ ಯಿ ಜನರ ಪುಟ್ಟ ಹಳ್ಳಿ. ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿಗೆ ಕಾಫಿ ಇಲ್ಲದೆ ಆಗುತ್ತಿರಲಿಲ್ಲ. ಒಂದು ಸಸಿ ತಂದು ಚರ್ಚಿನ ಪಕ್ಕ ನೆಟ್ಟ. ಊರಿನವರು ಅದರ ಬೀಜ ಹಾಕಿ ಗಿಡ ಮಾಡಿಕೊಂಡರು, ತಾವೇ ಹುರಿದು ಕುಟ್ಟಿ ಕುಡಿಯಲು ಕಲಿತರು. ಪಾದ್ರಿಯ ಚೀನೀ ಹೆಸರು ಟಿಯೆನ್ ದೆನೆಂಗ್. ವರ್ಷ ಮಾತ್ರ ಎರಡು ಬಗೆಯಲ್ಲಿ ಸಿಗುತ್ತದೆ: ಕೆಲವರು 1892 ಎನ್ನುತ್ತಾರೆ, ಕೆಲವರು 1904. ಹಳ್ಳಿಯ ಹೆಮ್ಮೆಗೆ ಹಳೆಯ ವರ್ಷವೇ ಇಷ್ಟ. ಶೆನ್ನೊಂಗ್‌ಗೆ 2737 ಅಂಟಿಕೊಂಡದ್ದು ಹೇಗೆ ಎಂದು ತಿಳಿಯಬೇಕಾದರೆ ಇದನ್ನು ನೋಡಿದರೆ ಸಾಕು. ನೂರು ಚಿಲ್ಲರೆ ವರ್ಷದಲ್ಲೇ ದಿನಾಂಕ ಹಿಂದಕ್ಕೆ ಜರುಗತೊಡಗಿದೆ.

ನಿಮ್ಮಲ್ಲಿ ಹಜ್ ಮುಗಿಸಿ ಬರುತ್ತಾ ಮೋಖಾ ಬಂದರಿನಿಂದ ಏಳು ಬೀಜ ತಂದ ಸೂಫಿ ಸಂತ. ಅವರಲ್ಲಿ ಸಸಿ ತಂದ ಪಾದ್ರಿ. ಎರಡೂ ಕಡೆ ಕಾಫಿ ತಂದವರು ದೇವರ ಹೆಸರಿನಲ್ಲಿ ದೂರ ನಡೆದವರು. ಎರಡೂ ಕಡೆ ಗಿಡ ಬೇರೂರಿದ್ದು ಪೂಜೆಯ ಜಾಗದ ಪಕ್ಕದಲ್ಲಿ, ಬೆಟ್ಟದಲ್ಲಿ. ಆ ಕಾಲದಲ್ಲಿ ದೂರದ ನಾಡು ಸುತ್ತಿ, ಬೆಟ್ಟದಲ್ಲಿ ನೆಲೆಸಿ, ಗಿಡ ಬೆಳೆಯುವವರೆಗೆ ಕಾಯುತ್ತಿದ್ದವರು ಇಂಥವರೇ. ಹಾಗಾಗಿ ಈ ಹೋಲಿಕೆ ಬರೀ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಝುಕುಲಾ ಕಾಫಿ ದೊಡ್ಡ ಬೆಳೆಯಾಗಲಿಲ್ಲ. ತೋಟಗಳು ಎದ್ದದ್ದು 1950ರ ದಶಕದಲ್ಲಿ, ಬಾವೊಶಾನ್‌ನ ಬಿಸಿ ಕಣಿವೆಯಲ್ಲಿ. ಬೆಳೆದದ್ದು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ಎರಡು ದೇಶಗಳ ಸಂಬಂಧ ಕೆಟ್ಟ ಮೇಲೆ ತೋಟಗಳೂ ಸೊರಗಿದವು. 1988ರಲ್ಲಿ ನೆಸ್ಲೆ ಬಂದ ಮೇಲೆ ಮತ್ತೆ ಚೇತರಿಕೆ. ಈಗ ಚೀನಾದ ಕಾಫಿಯಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಪಾಲು ಯುನ್ನಾನ್‌ನದೇ. ಅಲ್ಲಿ ಹೆಚ್ಚಾಗಿ ಇರುವುದು ಎಲೆ ತುಕ್ಕು ರೋಗ ತಡೆಯುವ ಕ್ಯಾಟಿಮಾರ್ ತಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಕಾವೇರಿ ತಳಿಯೂ ಅದೇ ಕ್ಯಾಟಿಮಾರ್ ವಂಶದ್ದು. ಹಾಗಾಗಿ ನಿಮ್ಮ ಸುತ್ತಮುತ್ತ ಕಾವೇರಿ ಗಿಡ ಇರುವ ತೋಟ ಇದ್ದರೆ, ಯುನ್ನಾನ್‌ನ ಕಾಫಿಯ ದಾಯಾದಿಗಳು ನಿಮ್ಮ ಊರಿನಲ್ಲೇ ಇದ್ದಾರೆ. ಜಿಂಗ್‌ಮಾಯ್ ಬೆಟ್ಟ ಸೇರಿರುವ ಪೂಅರ್ ಜಿಲ್ಲೆಯಲ್ಲಂತೂ ಈಗ ಚಹಾ ಮತ್ತು ಕಾಫಿ ಎರಡೂ ಮುಖ್ಯ ಬೆಳೆ.